ಎಮ್ಮೆ ಹಾಲಿನಲ್ಲೂ ಇರುವೆ ಸತ್ತಿತು

ಹೋದ ತಿಂಗಳು ಮನೋಳಿಯಲ್ಲಿ ಒಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ನನ್ನ ಬೀಗತಿ ಕುಳಿತಿದ್ದರು. ಮೊಮ್ಮಕ್ಕಳೇ, ಬೀಗತಿ ಎಂದರೆ ನಿಮ್ಮ ಅಪ್ಪನ ತಾಯಿ, ನೀವು ಮನೋಳಿ ಅಜ್ಜಿ ಎಂದು ಕರೆಯುವವರು. ಅವರು ಆ ಕಡೆ ಕುಳಿತವರಿಗೆ ಹೇಳುತ್ತಿದ್ದರು:

"ನಮ್ಮ ಮೊಮ್ಮಗಳು ಸಣ್ಣಾಕಿದ್ದಾಗ ಕುಡದ ಹಾಲೆಲ್ಲ ಕಾರತಿದ್ಳು ನೋಡ್ರಿ. ಏನ ಮಾಡಿದ್ರೂ ನಿಲ್ಲವಲ್ದು. ಕಡೀಕ ನಾ ಗುಡ್ಡಕ್ಕ ಹರಕಿ ಹೊತ್ತೆ. ನಿಂತ ಬಿಡ್ತು!"

ನನ್ನ ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗಲು ಬಹಳ ಹೊತ್ತು ಹಿಡಿಯಿತು. ಪಂಕ್ತಿಯಲ್ಲಿ ಎದುರು ಮಾತಾಡುವ ಹೆಂಗಸು ನಾನಲ್ಲ. ಬೀಗರು ಬಂದರೆ ಬಾಗಿಲ ಹಿಂದೆ ನಿಂತು ಮಾತಾಡುವವಳು, ನಾಲ್ಕು ಜನರ ಮುಂದೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ನಮ್ಮೂರ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅಷ್ಟೇ. ಆದರೆ ಮಾತಿನಲ್ಲಿ ಹಿಂದೆ ನಿಲ್ಲುವವಳು ಬರೆಯುವುದರಲ್ಲೂ ಹಿಂದೆ ನಿಲ್ಲಬೇಕು ಎಂದು ಯಾರೂ ಹೇಳಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಸವದತ್ತಿ ಗುಡ್ಡದ ದೇವಿ, ಆ ತಾಯಿಯ ಮೇಲೆ ನನ್ನ ತಕರಾರಿಲ್ಲ. ಆಕೆಗೂ ಗೊತ್ತು, ಏನು ನಡೆಯಿತು ಎಂಬುದು. ನಿಮಗೂ ಗೊತ್ತಿರಲಿ.

ಆ ಕೂಸು ನಿಮ್ಮಿಬ್ಬರಲ್ಲಿ ದೊಡ್ಡವಳು. ಸವದತ್ತಿಯ ದವಾಖಾನೆಯಲ್ಲಿ ಹುಟ್ಟಿದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ನಿಮ್ಮ ಅವ್ವ ನಮ್ಮ ಮನೆಗೆ ಬಂದಿದ್ದಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಡೆದ ಮೊದಲ ಒಳ್ಳೆಯ ಕಾರ್ಯ ಅದು. ಕೂಸನ್ನು ಮನೆಗೆ ತಂದ ದಿನ ಹೊಸ್ತಿಲಲ್ಲಿ ಆರತಿ ಎತ್ತಿದವರು ನನ್ನ ಹಿರಿಯ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಮೊದಲ ನೀರು ಎರೆದವರೂ ಅವರೇ. ಗಂಡ ಸತ್ತವಳ ಕೈ ಅಂಥದಕ್ಕೆ ಮುಂದೆ ಬರಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಲೆಯ ಮುಂದೆ ಕುಳಿತು ಬಾಣಂತಿಗೆ ಅಂಟಿನ ಉಂಡಿ ಕಟ್ಟಿದೆ.

ಮೊದಮೊದಲು ಕೂಸು ಚೆನ್ನಾಗಿಯೇ ಇತ್ತು. ಮೈ ತುಂಬಿಕೊಳ್ಳುತ್ತಿತ್ತು. ಆಮೇಲೆ ಕಾರುವುದು ಶುರುವಾಯಿತು. ಹಾಲು ಕುಡಿದು ಮೊಲೆ ಬಿಟ್ಟು ಹೊರಸಿನ ಮೇಲೆ ಮಲಗಿಸುವುದೇ ತಡ, ಬಾಯಿಯ ಕೊನೆಯಿಂದ ಹಾಲು ಇಳಿಯುತ್ತಿತ್ತು. ಕೆಲವು ಸಲ ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾಗಿ, ಕೆಲವು ಸಲ ಮೂಗಿನಿಂದಲೂ. ಕಾರುವ ಮುಂಚೆ ಮೈಯನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ, ಮುಖ ಕೆಂಪು ಮಾಡಿಕೊಂಡು ಚೀರುತ್ತಿತ್ತು. ಕಾರಿದ ಮೇಲೆ ಏನೂ ಆಗಿಲ್ಲವೆಂಬಂತೆ ಕಣ್ಣು ಬಿಟ್ಟು ಜಂತಿ ನೋಡುತ್ತಿತ್ತು, ಮತ್ತೆ ಹಾಲು ಕೇಳುತ್ತಿತ್ತು. ಮನೆಯಲ್ಲಿದ್ದ ಹಳೆಯ ಧೋತರದ ತುಂಡುಗಳೆಲ್ಲ ಹುಳಿ ವಾಸನೆ ಹಿಡಿದವು. ಅಂಗಳದ ಹಗ್ಗದ ಮೇಲೆ ಬೇರೆ ಬಟ್ಟೆಗೆ ಜಾಗವೇ ಉಳಿಯಲಿಲ್ಲ.

ಬಾಣಂತಿ ಕೋಣೆ ಎಂದರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಕಿಟಕಿಗೆ ಗೋಣಿತಾಟು. ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಅಜಿವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ನಿಮ್ಮ ಅವ್ವ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗ್ಗುಲಾಗಿ ಮಲಗಿಯೇ ಕೂಸಿಗೆ ಕುಡಿಸುತ್ತಿದ್ದಳು. ಎದ್ದು ಕುಳಿತರೆ ಸೊಂಟ ನಿಲ್ಲುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು.

ನನ್ನ ನೆಗೆಣ್ಣಿ ಎರೆಯುವುದರಲ್ಲಿ ಹೆಸರಾದವರು. ಓಣಿಯ ಅರ್ಧ ಮಕ್ಕಳು ಅವರ ಕಾಲ ಮೇಲೆ ನೀರು ಹಾಕಿಸಿಕೊಂಡೇ ಬೆಳೆದವು. ಅವರದೊಂದು ಪದ್ಧತಿ ಇತ್ತು.

"ಏ ಹುಡುಗಿ, ಹೊಟ್ಟಿ ತುಂಬ ಕುಡಿಸಿ ಕೊಡು. ಹಸಗೊಂಡ ಕೂಸು ನೀರಾಗ ಭಾಳ ಅಳತೈತಿ."

ಕುಡಿಸಿ ಕೊಟ್ಟ ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಹೊಟ್ಟೆ ತಿಕ್ಕಿ, ಬೋರಲು ಹಾಕಿ ಬೆನ್ನು ತಿಕ್ಕಿ, ಕೊನೆಗೆ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಒಮ್ಮೆ ತೂಗುತ್ತಿದ್ದರು. ಆಮೇಲೆ ಹೊಟ್ಟೆ ಬರಬಾರದೆಂದು ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟುವುದು. ಬಚ್ಚಲ ತುಂಬ ಹಾಲು. ನೆಗೆಣ್ಣಿ ಕೂಸಿಗೆ ಹೇಳುತ್ತಿದ್ದರು, "ನಿಮ್ಮವ್ವ ಕುಡಿಸಿದ್ದು ನನ್ನ ಬಚ್ಚಲಿಗೇನ?"

ಎಲ್ಲರೂ ಒಂದೊಂದು ಕಾರಣ ಹುಡುಕಿದರು. ಮೊದಲು ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟರು. ಆಮೇಲೆ ಬಾಣಂತಿ ತಿಂದದ್ದು ಎಂದರು. ಬದನೆಕಾಯಿ ಬಿಡಿಸಿದರು, ಬೇಳೆ ಬಿಡಿಸಿದರು, ಪಲ್ಲೆ ಬಿಡಿಸಿದರು. ನಿಮ್ಮ ಅವ್ವನ ತಾಟಿನಲ್ಲಿ ಅನ್ನ ಮತ್ತು ಮೆಣಸಿನ ಸಾರು ಉಳಿದವು. ನೀರನ್ನೂ ಅಳೆದು ಕೊಡುತ್ತಿದ್ದರು. ಅವಳ ಕೆನ್ನೆಗಳು ಒಳಗೆ ಹೋದವು. ಒಂದು ದಿನ ಕೂಸಿನ ಬಾಯಿ ಒರೆಸುತ್ತಾ ಕೇಳಿದಳು:

"ಅವ್ವಾ, ನನ್ನ ಹಾಲ ಇದಕ್ಕ ಸೇರೂದಿಲ್ಲೇನ?"

ಆ ಪ್ರಶ್ನೆ ಕೇಳಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಅವಳ ತಲೆಯಲ್ಲಿ ಅದನ್ನು ಇಟ್ಟವರ ಮೇಲೆ. ಮರುದಿನ ಯಾರನ್ನೂ ಕೇಳದೆ, ಬಾಣಂತಿ ಹೊರಗೆ ಹೋಗಬಾರದು ಎಂಬ ಮಾತನ್ನೂ ಕೇಳಿಸಿಕೊಳ್ಳದೆ, ತಾಯಿ ಕೂಸು ಇಬ್ಬರನ್ನೂ ಕರೆದುಕೊಂಡು ಸವದತ್ತಿಯ ಬಸ್ಸು ಹತ್ತಿದೆ. ನೆಗೆಣ್ಣಿ ಕಟ್ಟೆಯ ಮೇಲೆ ನಿಂತು, "ಥಂಡಿ ಗಾಳಿ ಹತ್ತಿದ್ರ ನನ್ನ ಕಡೆ ಬರಬ್ಯಾಡ್ರಿ ಮತ್ತ!" ಎಂದು ಕೂಗಿದರು.

ಬಸ್ಸಿನಲ್ಲಿ ಕೂಸು ಪಕ್ಕದ ಮುದುಕನೊಬ್ಬನ ಧೋತರದ ಮೇಲೆಯೇ ಕಾರಿತು. ನನಗೆ ನಾಚಿಕೆಯಿಂದ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಸೆರಗಿನಿಂದ ಒರೆಸಲು ಹೋದರೆ ಆತ ತಡೆದ.

"ಇರ್ಲಿ ಬಿಡಬೇ ಯವ್ವಾ. ಇದರ ನೆವಕ್ಕರ ನಮ್ಮ ಮನ್ಯಾಗ ಇವತ್ತ ನನ್ನ ಧೋತ್ರಾ ತೊಳೀತಾರ."

ನಿಮ್ಮ ಅವ್ವ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ನಗು ಕೇಳಿದ್ದೆ.

ದವಾಖಾನೆಯ ಡಾಕ್ಟರಬಾಯಿ ಕೂಸಿನ ಬಟ್ಟೆ ಬಿಚ್ಚಿಸಿ ತೂಗಿದರು, ಹೊಟ್ಟೆ ಮುಟ್ಟಿ ನೋಡಿದರು, ಹುಟ್ಟಿದಾಗಿನ ತೂಕದ ಕಾರ್ಡು ನೋಡಿದರು. ಆಮೇಲೆ ನಿಮ್ಮ ಅವ್ವನನ್ನು ಕೇಳಿದರು:

"ಕುಡದದ್ದೆಲ್ಲ ಕಾರತೈತಿ ಅಂತೀ. ಹಂಗಾರ ಇಷ್ಟ ತೂಕ ಎಲ್ಲಿಂದ ಬಂತ? ಗಾಳಿ ಕುಡದ ದಪ್ಪ ಆತೇನ?"

ಅವರು ಮೇಜಿನ ಮೇಲಿನ ನೀರಿನ ಬಾಟಲಿ ಎತ್ತಿಕೊಂಡು ಮುಚ್ಚಳವನ್ನು ಸಡಿಲ ಮಾಡಿ ಅಡ್ಡ ಹಿಡಿದರು. ನೀರು ಸೋರಿತು. ನೆಟ್ಟಗೆ ಹಿಡಿದರು. ನಿಂತಿತು.

"ಕೂಸಿನ ಹೊಟ್ಟಿ ಬಾಯಿ ಇನ್ನೂ ಸಡಲ ಐತಿ, ಇದರಂಗ. ಬೆಳದಂಗ ಬಿಗಿ ಆಗತೈತಿ. ಕುಂದರಾಕ ಕಲೀತೈತಿ, ನಡಿಯಾಕ ಕಲೀತೈತಿ, ಕಾರೂದು ತಾನ ಬಿಡತೈತಿ. ಹಾಲಿಂದೇನೂ ತಪ್ಪಿಲ್ಲ. ಹಾಲ ಮಾತ್ರ ಬಿಡಸಬ್ಯಾಡ್ರಿ."

ಏನೇನು ಮಾಡಬೇಕೆಂದು ಹೇಳಿದರು. ಎದ್ದು ಕುಳಿತು ಕುಡಿಸುವುದು. ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಬೇಡ, ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ನಡುವೆ ಒಮ್ಮೆ ತೇಗಿಸುವುದು. ಕುಡಿದ ಮೇಲೆ ಚಹಾ ಕಾಸಿ ಕುಡಿದು ಬಸಿ ತೊಳೆದಿಡುವಷ್ಟು ಹೊತ್ತು ಕೂಸನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದಿರುವುದು. ಮಲಗಿಸುವಾಗ ಮಾತ್ರ ಬೆನ್ನ ಮೇಲೆಯೇ ಮಲಗಿಸುವುದು, ಬೋರಲು ಬೇಡ. ಎರೆದ ಮೇಲೆ ಕುಡಿಸುವುದು, ಕುಡಿಸಿದ ಮೇಲೆ ಎರೆಯುವುದಲ್ಲ. ಹೊಟ್ಟೆಗೆ ಕಟ್ಟುವ ಬಟ್ಟೆ ಬೇಡ, ಹರಳೆಣ್ಣೆ ಬೇಡ, ತೇಯ್ದ ಔಷಧಿ ಬೇಡ, ಹೊಗೆ ಬೇಡ. ಬಾಣಂತಿಗೆ ಊಟ ಬೇಕು, ನೀರು ಬೇಕು. ಎದ್ದು ನಿಂತ ಮೇಲೆ ಮತ್ತೆ ಕೂರಿಸಿ ಇನ್ನೊಂದು ಮಾತು ಹೇಳಿದರು:

"ಹಸರಾಗಿ ಕಾರಿದ್ರ, ರಕ್ತ ಕಂಡ್ರ, ಪಿಚಕಾರಿ ಹೊಡದಂಗ ದೂರ ಹಾರಿದ್ರ, ಜ್ವರ ಬಂದ್ರ, ಉಚ್ಚಿ ಕಡಿಮಿ ಆದ್ರ, ಇಲ್ಲಾ ತೂಕ ಏರೂದು ನಿಂತ್ರ, ಆವಾಗ ತಡಾ ಮಾಡಬ್ಯಾಡ್ರಿ. ಓಡಿ ಬರ್ರಿ. ಬರೇ ಕಾರಿದ್ರ ಬಟ್ಟಿ ಬದಲಿ ಮಾಡ್ರಿ."

ಬರೇ ಕಾರಿದರೆ ಬಟ್ಟೆ ಬದಲಿ ಮಾಡಿ. ಈ ಮಾತನ್ನು ನಾನು ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ.

ಮನೆಗೆ ಬಂದವಳೇ ಕಿಟಕಿಯ ಗೋಣಿತಾಟು ಕಿತ್ತೆ. ಕೆಂಡದ ಬುಟ್ಟಿಯನ್ನು ಅಂಗಳಕ್ಕೆ ತಂದಿಟ್ಟೆ. ಹೊರಸನ್ನು ಗೋಡೆಗೆ ತಾಗಿಸಿ, ಹತ್ತಿಯ ಗಾದಿ ಮಡಚಿ ನಿಮ್ಮ ಅವ್ವನ ಬೆನ್ನಿಗೆ ಕೊಟ್ಟೆ. ನೆಗೆಣ್ಣಿ ಮುನಿಸಿಕೊಂಡರು. "ಇಷ್ಟ ವರ್ಷ ಎರದೇನಿ, ಈಗ ನನಗ ಕಲಸಾಕ ಬಂದ್ಯಾ?" ಎಂದರು. ನಾನು ಹೇಳಿದೆ: "ಅಕ್ಕಾ, ನೀವ ಎರೀರಿ, ನಿಮ್ಮಂಗ ಯಾರಿಗೂ ಬರೂದಿಲ್ಲ. ಕುಡಿಸೂದು ಮಾತ್ರ ಆಮ್ಯಾಲ." ಅವರು ಒಂದು ದಿನ ಹಸಿದ ಕೂಸಿಗೆ ಎರೆದರು. ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು, ಆದರೆ ಬಚ್ಚಲಲ್ಲಿ ಹಾಲು ಬೀಳಲಿಲ್ಲ. ತಲೆಕೆಳಗೆ ತೂಗುವುದನ್ನು ಅವರಾಗಿಯೇ ಬಿಟ್ಟರು. ನನಗೆ ಹೇಳಿ ಬಿಡಲಿಲ್ಲ, ಸುಮ್ಮನೆ ಬಿಟ್ಟರು.

ಹೆಗಲು ನನ್ನದು. ನಿಮ್ಮ ಅವ್ವನಿಗೆ ನಿದ್ದೆ ಬೇಕಿತ್ತು. ಕುಡಿಸಿ ನನ್ನ ಕೈಗೆ ಕೊಡುವಳು, ನಾನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಆ ಕಂಬದಿಂದ ಈ ಕಂಬಕ್ಕೆ ನಡೆಯುವೆ. ಕುತ್ತಿಗೆ ನಿಲ್ಲದ ಕೂಸನ್ನು ನೆಟ್ಟಗೆ ಹಿಡಿದರೆ ಬೆನ್ನು ಬಾಗುತ್ತದೆ ಎಂದು ಬಂದವರೆಲ್ಲ ಹೇಳಿದರು. ಒಂದು ಅಂಗೈಯಿಂದ ತಲೆ ಹಿಡಿದು, ಇನ್ನೊಂದನ್ನು ಕುಂಡಿಯ ಕೆಳಗೆ ಕೊಟ್ಟರೆ ಯಾವ ಬೆನ್ನೂ ಬಾಗುವುದಿಲ್ಲ. ಆರತಿಗೆ ಬೇಡವಾದ ಕೈ, ಕಾರುವ ಕೂಸು ಬಂದಾಗ ಎಲ್ಲರಿಗೂ ಬೇಕಾಯಿತು. ಹಬ್ಬದ ಸೀರೆ ಉಟ್ಟವರು ಕೂಸನ್ನು ದೂರದಿಂದಲೇ ಮುದ್ದು ಮಾಡಿ ನನ್ನ ಕಡೆ ಚಾಚುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ನನ್ನ ಕುತ್ತಿಗೆಯಲ್ಲಿ ಅದರ ಉಸಿರು ಬಿಸಿಯಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗಂಡಸಿನಂತೆ ದೊಡ್ಡ ತೇಗು ತೇಗುವುದು. ನಾನು ಒಬ್ಬಳೇ ನಗುತ್ತಿದ್ದೆ.

ಕಾರುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಅದನ್ನೂ ನಿಜವಾಗಿ ಬರೆಯಬೇಕು. ದಿನದಲ್ಲಿ ಹಲವು ಸಲ ನನ್ನ ಸೆರಗು ಒದ್ದೆಯಾಗುತ್ತಲೇ ಇತ್ತು. ಬಹಳ ಕಾರಿತು ಎಂದು ನಿಮ್ಮ ಅವ್ವ ಕಂಗಾಲಾದ ದಿನ, ನಾನು ಒಂದು ಚಮಚ ಹಾಲು ತಂದು ಬಟ್ಟೆಯ ಮೇಲೆ ಸುರಿದು ತೋರಿಸಿದೆ. ಕೂಸು ಕಾರಿದ ಕಲೆಯೂ ಚಮಚದ ಕಲೆಯೂ ಒಂದೇ ಅಗಲ. "ಇಷ್ಟ ಏನ?" ಎಂದಳು. ಅಷ್ಟೇ. ನೆಲಕ್ಕೆ ಬಿದ್ದ ಹಾಲು ಯಾವಾಗಲೂ ಹೆಚ್ಚಾಗಿ ಕಾಣುತ್ತದೆ.

ಹೀಗೆ ಒಂದು ಹದಕ್ಕೆ ಬರುವಷ್ಟರಲ್ಲಿ ಬೀಗತಿ ಬಂದರು.

ಅವರು ಬರಿಗೈಲಿ ಬರುವವರಲ್ಲ. ಒಂದು ಕೈಯಲ್ಲಿ ತಮ್ಮ ಎಮ್ಮೆಯ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ ಮತ್ತು ಬಾಟಲಿ. ಆ ಎಮ್ಮೆಯ ಬಗ್ಗೆ ನಿಮಗೆ ಗೊತ್ತು. ಮಗನ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅವರು ಎಮ್ಮೆಯ ಬಗ್ಗೆ ಹೇಳುತ್ತಾರೆ. ಕುಳಿತು ನೀರು ಕುಡಿಯುತ್ತಿದ್ದಂತೆಯೇ ಕೂಸು ಅವರ ಮುಂದೆಯೇ ನನ್ನ ಹೆಗಲ ಮೇಲೆ ಕಾರಿತು.

"ಅಯ್ಯ ಶಿವನ! ಇನ್ನೂ ನಿಂತಿಲ್ಲಾ? ಇದು ಹಾಲಿಂದ ಬ್ಯಾನಿರಿ, ಬೀಗತ್ಯಾರ. ಬಾಣಂತಿ ಹಾಲ ಕೆಟ್ಟೈತಿ. ತಡೀರಿ, ಈಗ ತೋರಸತೇನಿ."

ಒಂದು ಬಟ್ಟಲು ತರಿಸಿದರು. ನಿಮ್ಮ ಅವ್ವನಿಗೆ ಅದರಲ್ಲಿ ಹಾಲು ಹಿಂಡಲು ಹೇಳಿದರು. ಅತ್ತೆಯ ಮಾತು, ಅವಳು ಗೋಡೆಯ ಕಡೆ ತಿರುಗಿ ಹಿಂಡಿದಳು. ಬೀಗತಿ ಬೆಲ್ಲದ ಗಡಿಗೆಯ ಹತ್ತಿರ ಹರಿಯುತ್ತಿದ್ದ ಸಾಲಿನಿಂದ ಒಂದು ಕರಿ ಇರುವೆಯನ್ನು ಹಿಡಿದು ತಂದು ಹಾಲಿನೊಳಗೆ ಬಿಟ್ಟರು. ಇದು ನಮ್ಮ ಕಡೆ ಹಳೆಯ ಪರೀಕ್ಷೆ. ಇರುವೆ ಬದುಕಿದರೆ ಹಾಲು ಒಳ್ಳೆಯದು, ಸತ್ತರೆ ವಿಷ. ನಾನೂ ಚಿಕ್ಕವಳಿದ್ದಾಗ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ನೆಗೆಣ್ಣಿಯೂ ಬಂದು ಬಗ್ಗಿ ನಿಂತರು. ಇರುವೆ ಕಾಲು ಬಡಿಯಿತು, ತಿರುಗಿತು, ನಿಧಾನವಾಯಿತು. ಆಮೇಲೆ ಅಲುಗಾಡಲಿಲ್ಲ.

"ನೋಡಿದ್ರಿಲ್ಲೋ? ಇದನ್ನ ಕುಡಸಾಕ ಹತ್ತೀರಿ ಕೂಸಿಗೆ. ಇವತ್ತಿನಿಂದ ಎದಿ ಹಾಲ ಬಂದ್. ಡಬ್ಬಿ ಹಾಲ ಹಾಕ್ರಿ."

ನಿಮ್ಮ ಅವ್ವ ಸೆರಗನ್ನು ಎದೆಯ ಮೇಲೆ ಗಟ್ಟಿಯಾಗಿ ಎಳೆದುಕೊಂಡಳು. ಯಾರೋ ಹೊಡೆದಂತೆ. ಅದನ್ನು ನೋಡಿದ ಮೇಲೆ ನನ್ನ ಕಾಲುಗಳು ತಾವಾಗಿಯೇ ಅಡುಗೆಮನೆಗೆ ಹೋದವು.

ಬೀಗತಿ ತಂದಿದ್ದ ಕ್ಯಾನಿನಿಂದ ಇನ್ನೊಂದು ಬಟ್ಟಲಿಗೆ ಎಮ್ಮೆ ಹಾಲು ಹಾಕಿದೆ. ಗಡಿಗೆಯ ಹತ್ತಿರ ಬಗ್ಗಿ ಅದೇ ಸಾಲಿನಿಂದ ಒಂದು ಇರುವೆ ಹಿಡಿದೆ. ಕೂಸು ಹೆಗಲ ಮೇಲೆಯೇ ಇತ್ತು. ಪಡಸಾಲೆಗೆ ತಂದು ಬಟ್ಟಲನ್ನು ಆ ಬಟ್ಟಲಿನ ಪಕ್ಕದಲ್ಲಿಟ್ಟು ಇರುವೆಯನ್ನು ಬಿಟ್ಟೆ. ಎಮ್ಮೆ ಹಾಲು ದಪ್ಪ, ಆ ಇರುವೆ ಇನ್ನೂ ಬೇಗ ಸೋತಿತು.

"ಬೀಗತ್ಯಾರ," ಎಂದೆ. ನನ್ನ ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. "ನಿಮ್ಮ ಎಮ್ಮಿ ಹಾಲಾಗೂ ಇರವಿ ಸತ್ತೈತಿ ನೋಡ್ರಿ."

"ನಮ್ಮ ಎಮ್ಮಿಗೆ ಹೆಸರ ಇಡತೀರೇನ್ರಿ?" ಅವರ ಮುಖ ಕೆಂಪಾಯಿತು.

"ಎಮ್ಮಿಗೆ ನಾ ಇಡೂದಿಲ್ಲರಿ. ನೀವು ನನ್ನ ಮಗಳಿಗೆ ಇಟ್ರಿ."

ಅಷ್ಟರಲ್ಲಿ ನನ್ನ ನೆಗೆಣ್ಣಿ, ಆವರೆಗೆ ಯಾರ ಪಕ್ಷ ಎಂದು ಗೊತ್ತಾಗದಂತೆ ನಿಂತಿದ್ದವರು, ಬೀಗತಿ ಕುಡಿದು ಉಳಿಸಿದ್ದ ನೀರಿನ ಚರಿಗೆಯಲ್ಲಿ ಮೂರನೆಯ ಇರುವೆ ಬಿಟ್ಟರು. ಅದೂ ಮುಳುಗಿತು.

"ಹಾಳಾಗಿ ಹೋಗ್ಲಿ, ನೀರೂ ವಿಷ ಆತಲ್ಲಬೇ! ಇನ್ನ ಏನ ಕುಡದ ಬದುಕೂಣು? ಚಾಕ್ಕ ಇಟ್ಟೇನಿ, ಇಳಸ್ಲೋ ಹೆಂಗ?"

ನಿಮ್ಮ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ನಗುತ್ತಿದ್ದಳು.

ಬೀಗತಿ ನಗಲಿಲ್ಲ. ಅವರು ಕೆಟ್ಟವರಲ್ಲ, ಅದನ್ನು ಇಲ್ಲಿಯೇ ಬರೆದಿಡುತ್ತೇನೆ. ಮೊಮ್ಮಗಳಿಗೆ ಏನಾದರೂ ಆದೀತು ಎಂಬ ಹೆದರಿಕೆ ಅವರಿಗೂ ಇತ್ತು. ಹೆದರಿದವರಿಗೆ ಏನಾದರೂ ಒಂದು ಮಾಡಲೇಬೇಕು, ಸುಮ್ಮನೆ ಇರುವುದು ಅವರಿಂದ ಆಗುವುದಿಲ್ಲ. ಚಹಾ ಮುಟ್ಟದೆ ಹೇಳಿದರು:

"ಹಾಲಿಂದ ಅಲ್ಲಾ ಅಂದ್ರ ಹೊಟ್ಟೀದು. ನಾಡದು ಅಮಾಸಿ. ಬರಿ ಹಾಕಸೂಣು. ನಮ್ಮ ಕಡೆ ಒಬ್ಬಾಂವ ಅದಾನ, ಕೈ ಭಾಳ ಹಗರ. ಕಾಜಿನ ಬಳಿ ಚೂರ ಕಾಸಿ ಹೊಕ್ಕಳದ ಬಾಜೂಕ ಎರಡ ಎಳೀತಾನ, ಆತ ಮುಗೀತ. ನನ್ನ ಮಗಂಗೂ ಹಾಕಿಸಿದ್ದೆ, ಏನಾಗೈತಿ ಅಂವಗ? ಎತ್ತ ಆಗ್ಯಾನ."

ಅಲ್ಲಿಯೇ ನಿಮ್ಮ ಅಪ್ಪನಿಗೆ ಫೋನು ಹಚ್ಚಿ ದನಿ ಜೋರು ಮಾಡಿ ಹಿಡಿದರು. ನಿಮ್ಮ ಅಪ್ಪ ಎಲ್ಲೋ ಟ್ರ್ಯಾಕ್ಟರಿನ ಸಪ್ಪಳದ ನಡುವೆ ಇದ್ದ. "ಅವ್ವ ಹೇಳಿದಂಗ ಮಾಡ್ರೆಲ್ಲ," ಎಂದ. ಅವನ ಮೇಲೆ ಈಗ ಸಿಟ್ಟು ಮಾಡಬೇಡಿ. ಬುದ್ಧಿ ತಿಳಿಯುವ ಮುಂಚೆ ಸುಟ್ಟ ನೋವು ಯಾರಿಗೆ ನೆನಪಿರುತ್ತದೆ? ಅವನಿಗೂ ಇರಲಿಲ್ಲ.

ನಿಮ್ಮ ಅವ್ವ ಕೂಸನ್ನು ನನ್ನ ಹೆಗಲಿನಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ನನ್ನ ಮೇಲಿತ್ತು. ಗಂಡ ಒಪ್ಪಿದ, ಅತ್ತೆ ನಿಂತಿದ್ದಾರೆ, ಇನ್ನು ಉಳಿದವಳು ನಾನೊಬ್ಬಳೇ.

"ಬರಿ ಹಾಕಸೂದಿಲ್ಲ," ಎಂದೆ.

"ಅದನ್ನ ಹೇಳಾಕ ನೀವ್ಯಾರ್ರಿ? ಕೂಸು ನಮ್ಮ ಮನೀದು."

"ಕೂಸು ನಿಮ್ಮ ಮನೀದ ರೀ. ಹೊಟ್ಟಿ ಅದರದು."

ಇಂಥ ಮಾತು ನನ್ನ ಬಾಯಿಂದ ಎಲ್ಲಿಂದ ಬಂತು ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಆದರೆ ಮಾತಿಗೆ ಮಾತು ಬೆಳೆದರೆ ಸೋಲುವವಳು ನಾನು, ಅದು ನನಗೆ ಗೊತ್ತಿತ್ತು. ಬೀಗತಿಯ ಮುಂದೆ ಮಾತಿನಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ಅವರ ಮೊಣಕೈ ಹಿಡಿದು, "ಸ್ವಲ್ಪ ಒಳಗ ಬರ್ರಿ," ಎಂದು ಬಾಣಂತಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಗೋಣಿತಾಟು ಇಲ್ಲದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ನಿಂತೆ. ಸೆರಗು ಸರಿಸಿದೆ. ನೆರಿಗೆಯನ್ನು ಕೆಳಕ್ಕೆ ದೂಡಿದೆ.

ನಿಮ್ಮ ಅಜ್ಜನನ್ನು ಬಿಟ್ಟರೆ ಯಾರೂ ನೋಡಿರದ ಗುರುತುಗಳು ಅವು. ಹೊಕ್ಕಳಿನ ಎರಡೂ ಬದಿಗೆ ಒಂದೊಂದು. ಮೊದಲು ಹುಣಸೆ ಬೀಜದಷ್ಟು ಇದ್ದವಂತೆ. ನಾನು ಬೆಳೆದ ಹಾಗೆ ಅವೂ ಬೆಳೆದವು, ಬಸುರಾದಾಗ ಮತ್ತಷ್ಟು ಹಿಗ್ಗಿದವು. ಈಗ ಸುಕ್ಕುಗಟ್ಟಿದ ಎಲೆಯಂತೆ ಇವೆ.

"ನನಗ ಯಾಕ ಹಾಕಸಿದ್ರ ಗೊತ್ತೇನ್ರಿ?" ಎಂದೆ. "ಹಾಲ ಕಾರತಿದ್ನಂತ."

ಬೀಗತಿ ನೋಡಿದರು. ಆಮೇಲೆ ಕೇಳಿದರು: "ಹಾಕಿಸಿದ ಮ್ಯಾಲ ನಿಂತಿತಿಲ್ರಿ?"

"ನಿಂತಿತ್ರಿ. ನಡಿಯಾಕ ಕಲತ ಮ್ಯಾಲ. ನಮ್ಮವ್ವ ಸಾಯೂ ತನಕ ಹೇಳತಿದ್ಳು. ಅಲ್ಲೀತನ ಹಾಲೂ ಕಾರಿದೆ, ಗಾಯ ಕೀವ ಹಿಡದ ಜ್ವರಾನೂ ಬಂತ. ಎರಡರಾಗ ಒಂದ ಬ್ಯಾನಿ ದೇವರ ಕೊಟ್ಟದ್ದು. ಇನ್ನೊಂದ ನಾವ ಕೊಟ್ಟದ್ದು."

ಅವರು ಬಗ್ಗಿ, ತಮ್ಮ ತೋರುಬೆರಳಿನಿಂದ ಬಲಗಡೆಯ ಗುರುತನ್ನು ಮುಟ್ಟಿದರು. ಬೆರಳು ತಣ್ಣಗಿತ್ತು. ನನಗೆ ಬಹಳ ನಾಚಿಕೆಯಾಯಿತು, ಆದರೆ ಸೆರಗು ಎಳೆದುಕೊಳ್ಳಲಿಲ್ಲ. ಸರಿಯಾಗಿ ನೋಡಲಿ ಎಂದು ನಿಂತೇ ಇದ್ದೆ.

"ಮುಚ್ಚಗೋರಿ," ಎಂದರು ಕೊನೆಗೆ. "ಥಂಡಿ ಐತಿ."

ಥಂಡಿ ಇರಲಿಲ್ಲ.

ಹೊರಗೆ ಬಂದು ತಮ್ಮ ಜಾಗದಲ್ಲಿ ಕುಳಿತರು. ಆರಿ ಕೆನೆಗಟ್ಟಿದ ಚಹಾ ಎತ್ತಿ ಕುಡಿದರು. ಸೋತೆ ಎಂದು ಅವರು ಹೇಳುವವರಲ್ಲ, ನಾನು ಹೇಳಿಸಲೂ ಹೋಗಲಿಲ್ಲ. ಬಸಿ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಬರಿ ಬ್ಯಾಡ ಬಿಡ್ರಿ. ನಾ ಗುಡ್ಡಕ್ಕ ಹರಕಿ ಹೊರತೇನಿ. ಕೂಸ ಕಾರೂದು ನಿಂತ್ರ ತಾಯಿಗೆ ಉಡಿ ತುಂಬತೇನಿ."

ಆ ಹರಕೆ ಹುಟ್ಟಿದ್ದು ಹೀಗೆ. ಆ ದಿನ ನಾನೇ ಮೊದಲು, "ಭಾಳ ಚಲೋ ಆತ್ರಿ," ಎಂದೆ. ಡಬ್ಬಿ ಮತ್ತು ಬಾಟಲಿಯನ್ನು ಅವರು ಹೋಗುವಾಗ ಮರೆತಂತೆ ಬಿಟ್ಟು ಹೋದರು. ಡಬ್ಬಿಯನ್ನು ತಿರುಗಿ ಕಳಿಸಿದೆ, ಬಾಟಲಿಯಲ್ಲಿ ದೀಪದ ಎಣ್ಣೆ ಹಾಕಿಟ್ಟೆ.

ಅವರು ಹೋದ ಸಂಜೆ ನಿಮ್ಮ ಅವ್ವ ಬೇಳೆ ಪಲ್ಲೆ ಹಾಕಿಕೊಂಡು ಎರಡು ರೊಟ್ಟಿ ಉಂಡಳು, ಚರಿಗೆ ತುಂಬ ನೀರು ಕುಡಿದಳು. ಆಮೇಲೆ ಗೋಡೆಗೆ ಒರಗಿ ಕುಳಿತು, ಯಾರ ಕಡೆಯೂ ತಿರುಗಿಕೊಳ್ಳದೆ, ಪಡಸಾಲೆಯಲ್ಲಿಯೇ ಕೂಸಿಗೆ ಕುಡಿಸಿದಳು. ನಿಮ್ಮ ಅಪ್ಪ ಮುಂದೆ ಬಂದಾಗ ಅವಳೇ ಅವನ ಅಂಗಿ ಎತ್ತಿ ಹೊಟ್ಟೆಯ ಗುರುತು ತೋರಿಸಿ, "ಇದನ್ನ ನನ್ನ ಮಗಳಿಗೂ ಕೊಡಬೇಕಂತ ಮಾಡಿದ್ರೇನ?" ಎಂದು ಕೇಳಿದಳಂತೆ. ಅವನು ಏನು ಹೇಳಿದ ಎಂದು ನಾನು ಕೇಳಲಿಲ್ಲ. ಬಂದ ದಿನ ಸಂಜೆ, ಹಾಲು ಕುಡಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದ. ಹೊಸ ಅಂಗಿ ಹಾಳಾಯಿತು. ಒಗೆಯುವಾಗ ನನಗೆ ಬೇಸರವಾಗಲಿಲ್ಲ.

ಸಂಡಿಗೆ ಇಡುವ ಬಿಸಿಲು ಬರುವ ಹೊತ್ತಿಗೆ ಕೂಸು ಕುಳಿತುಕೊಳ್ಳಲು ಕಲಿತಿತ್ತು, ಕಾರುವುದು ಎಷ್ಟೋ ಇಳಿದಿತ್ತು. ಅಂಬೆಗಾಲಿಟ್ಟಾಗ ಇನ್ನೂ ಇಳಿಯಿತು. ಕಂಬ ಹಿಡಿದು ನಿಂತಾಗ, ಕಾರುವುದು ಯಾವ ದಿನ ನಿಂತಿತು ಎಂದು ಯಾರಿಗೂ ಗೊತ್ತಾಗದ ಹಾಗೆ ನಿಂತು ಹೋಯಿತು. ನನಗೆ ತಿಳಿದದ್ದು ಅಂಗಳದ ಹಗ್ಗ ಖಾಲಿ ಕಂಡಾಗ. ಡಾಕ್ಟರಬಾಯಿ ಹೇಳಿದ್ದ ಹಾಗೆಯೇ, ನನ್ನವ್ವ ನನ್ನ ಬಗ್ಗೆ ಹೇಳಿದ್ದ ಹಾಗೆಯೇ. ಹರಕೆ ತೀರಿಸಲು ಗುಡ್ಡಕ್ಕೆ ನಾನೂ ಹೋಗಿದ್ದೆ. ಬೀಗತಿ ಉಡಿ ತುಂಬಿದರು. ಇಳಿದು ಬರುವಾಗ ಜೀಪಿನಲ್ಲಿ, ಕಬ್ಬಿನ ಹಾಲು ಕುಡಿದಿದ್ದ ಮಗು ಅವರ ಇಳಕಲ್ ಸೀರೆಯ ಮೇಲೆಯೇ ಒಮ್ಮೆ ಕಾರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ಇದು ಜೀಪಿಂದು," ಎಂದರು ಅವರು. ನಾನು ಸೆರಗು ಕೊಟ್ಟೆ ಒರೆಸಿಕೊಳ್ಳಲು.

ಈಗ ದೊಡ್ಡವಳಿಗೆ ಒಂದು ಮಾತು. ದೀಪಾವಳಿಗೆ ಬಂದಾಗ ನಾನು ನಿನಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ನನ್ನ ಸೀರೆ ಒದ್ದೆಯಾಗಿ ಜಾರಿದಾಗ ನೀನು ಆ ಗುರುತು ನೋಡಿದೆ. "ಅಜ್ಜೀ, ಇದೇನಿದು, ಏನ ಕಡದೈತಿ ನಿನಗ?" ಎಂದು ಕೇಳಿದೆ. ನಾನು ನಾಚಿ ಮುಚ್ಚಿಕೊಂಡೆ, ನೀರು ಸುರಿದು ಮಾತು ಮರೆಸಿದೆ. ಆ ದಿನ ಕೊಡದ ಉತ್ತರ ಇದು. ನಿನ್ನ ಹೊಟ್ಟೆಯನ್ನು ಕನ್ನಡಿಯಲ್ಲಿ ನೋಡಿಕೋ. ಅಲ್ಲಿ ಹೊಕ್ಕಳು ಒಂದೇ ಇದೆ. ಅದರ ಅಕ್ಕಪಕ್ಕದಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ ಜಾಗ ಹರಕೆಯಿಂದ ಬಂದದ್ದಲ್ಲ.

ಮುಂದೆ ನಿಮ್ಮ ಮನೆಗಳಲ್ಲೂ ಕೂಸು ಹುಟ್ಟುತ್ತದೆ, ಹಾಲು ಕಾರುತ್ತದೆ. ಯಾರಾದರೂ ಒಬ್ಬರು ಬಟ್ಟಲು ಮತ್ತು ಇರುವೆ ಹಿಡಿದುಕೊಂಡು ಬಂದೇ ಬರುತ್ತಾರೆ. ಆಗ ನನ್ನಂತೆ ನಡುಗುವ ದನಿಯಾದರೂ ಪರವಾಗಿಲ್ಲ, ಮಾತಾಡಿ. ಈ ಬರಹವನ್ನು ನಿಮ್ಮ ಮನೋಳಿ ಅಜ್ಜಿಗೂ ಓದಿ ಹೇಳಿ. ಸಿಟ್ಟಾಗುತ್ತಾರೆ, ಆಗಲಿ. ಸಿಟ್ಟು ಇಳಿದ ಮೇಲೆ ಒಂದು ಕಪ್ ಚಹಾ ಮಾಡಿ ಕೊಡಿ, ಅವರ ಎಮ್ಮೆಯ ಹಾಲಿನದೇ.